ಕೋಸ್ತಾ ಬ್ಲಾಂಕಾದಲ್ಲಿ ದಿನಕ್ಕೊಂದು ಸಂತೆ

ಸ್ಪೇನಿನ ಕೋಸ್ತಾ ಬ್ಲಾಂಕಾ ಕರಾವಳಿಗೆ ಹೋಗುವವರು ಸಾಮಾನ್ಯವಾಗಿ ಬೀಚ್ ನೋಡಿ ಹೋಟೆಲ್ ಬುಕ್ ಮಾಡುತ್ತಾರೆ. ನಾವು ವಾರ ನೋಡಿ ಊರು ಆರಿಸಿಕೊಂಡೆವು. ಅಲಿಕಾಂತೆ ಪ್ರಾಂತ್ಯದ ಉತ್ತರ ಭಾಗದಲ್ಲಿ, ಸಮುದ್ರಕ್ಕೂ ಬೆಟ್ಟಕ್ಕೂ ನಡುವೆ, ಸಣ್ಣ ಸಣ್ಣ ಊರುಗಳು ಸಾಲಾಗಿವೆ. ಒಂದೊಂದು ಊರಿಗೂ ಅದರದೇ ಸಂತೆಯ ದಿನ. ಸೋಮವಾರ ದೇನಿಯಾ, ಮಂಗಳವಾರ ಅಲ್ತೇಯಾ, ಬುಧವಾರ ತೆವುಲಾದಾ, ಗುರುವಾರ ಹಾವೆಯಾ, ಶುಕ್ರವಾರ ಗಾತಾ, ಶನಿವಾರ ಹಾಲೋನ್. ಎಷ್ಟೋ ವ್ಯಾಪಾರಿಗಳು ವಾರವಿಡೀ ವ್ಯಾನ್ ತುಂಬಿಕೊಂಡು ಊರಿಂದ ಊರಿಗೆ ಸುತ್ತುತ್ತಾರೆ. ನಾವೂ ಅವರ ಹಿಂದೆಯೇ ಸುತ್ತಿದೆವು.

ನಾವು ಅಂದರೆ ನಾನು ಮತ್ತು ಅಕ್ಕ. ನಾನಿರುವುದು ನೆದರ್ಲೆಂಡ್ಸ್‌ನಲ್ಲಿ. ಅಕ್ಕ ಕಾರವಾರದಲ್ಲಿ ಟೀಚರ್ ಆಗಿದ್ದು ರಿಟೈರ್ ಆದವಳು. ಚರ್ಚು, ಕೋಟೆ, ಮ್ಯೂಸಿಯಂ ಅಂದರೆ ಅರ್ಧ ಗಂಟೆಗೆ ಅವಳಿಗೆ ಕಾಲು ನೋವು ಶುರುವಾಗುತ್ತದೆ. ಭಾನುವಾರದ ಕಾರವಾರ ಸಂತೆಯಲ್ಲಿ ಮಾತ್ರ ಮೂರು ಗಂಟೆ ನಿಂತರೂ ಏನೂ ಆಗುವುದಿಲ್ಲ. ಹಾಗಾಗಿ ಈ ಪ್ಲಾನ್.

ಶನಿವಾರ, ಅಲಿಕಾಂತೆ

ಏರ್‌ಪೋರ್ಟಿನಿಂದ ಬಸ್ ಹತ್ತಿ ನೇರ ಊರೊಳಗಿನ ಮರ್ಕಾದೊ ಸೆಂತ್ರಾಲ್‌ಗೆ ಬಂದೆವು. ಇದು ವಾರದ ಸಂತೆಯಲ್ಲ, ದಿನವೂ ನಡೆಯುವ ಮಾರುಕಟ್ಟೆ. ಭಾನುವಾರ ಮಾತ್ರ ರಜೆ. 1921ರಲ್ಲಿ ಕಟ್ಟಿದ ದೊಡ್ಡ ಕಟ್ಟಡ, ಕೆಳಗೆ ಮೀನು ಮತ್ತು ತರಕಾರಿ, ಮೇಲೆ ಮಾಂಸ. ಹಿಂದಿನ ಚೌಕದಲ್ಲಿ ಹೂವಿನ ಅಂಗಡಿಗಳು. ಆ ಚೌಕಕ್ಕೆ ಮೇ 25 ಎಂದೇ ಹೆಸರು. 1938ರ ಆ ದಿನ, ಅಂತರ್ಯುದ್ಧದ ಕಾಲದಲ್ಲಿ, ಬಂಡೆದ್ದ ಜನರಲ್ ಫ್ರಾಂಕೋನ ಪರವಾಗಿ ಬಂದ ಇಟಲಿಯ ವಿಮಾನಗಳು ಈ ಮಾರುಕಟ್ಟೆಯ ಮೇಲೆ ಬಾಂಬ್ ಹಾಕಿದವು. ಬೆಳಗಿನ ವ್ಯಾಪಾರದ ಹೊತ್ತು. ಸತ್ತವರು ಮುನ್ನೂರರ ಆಸುಪಾಸು, ಸಾಮಾನು ಕೊಳ್ಳಲು ಬಂದಿದ್ದವರೂ ಅವರಲ್ಲಿದ್ದರು. ಅಕ್ಕ ಫಲಕದ ಮುಂದೆ ಸ್ವಲ್ಪ ಹೊತ್ತು ನಿಂತು, "ಚೀಲ ಹಿಡ್ಕೊಂಡು ಬಂದವರ ಮೇಲೆ ಹಾಕಿದರಲ್ಲ" ಅಂದಳು.

ಒಳಗೆ ನಮಗೆ ಮೊದಲ ಪಾಠವಾಯಿತು. ಇಲ್ಲಿ ಜನ ಕ್ಯೂ ನಿಲ್ಲುವುದಿಲ್ಲ. ಆದರೆ ಕ್ಯೂ ಇರುತ್ತದೆ. ಅಂಗಡಿ ಹತ್ತಿರ ಹೋದವರು "ಕೊನೆಯವರು ಯಾರು?" ಎಂದು ಕೇಳುತ್ತಾರೆ. ಯಾರೋ ಒಬ್ಬರು ಕೈ ಎತ್ತುತ್ತಾರೆ. ಅವರಾದ ಮೇಲೆ ನಿಮ್ಮ ಸರದಿ. ಅಷ್ಟು ತಿಳಿದುಕೊಂಡು ಪಕ್ಕದ ಅಂಗಡಿಗೆ ಹೋಗಿ ಬದನೆಕಾಯಿ ನೋಡಿಕೊಂಡು ಬರಬಹುದು, ಯಾರೂ ನಿಮ್ಮ ಜಾಗ ಕಸಿಯುವುದಿಲ್ಲ. ಅಕ್ಕನಿಗೆ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ "ಉಲ್ತಿಮೊ?" ಎಂಬ ಒಂದು ಮಾತಿನಲ್ಲೇ ವಾರ ಪೂರ್ತಿ ವ್ಯವಹಾರ ನಡೆಸಿದಳು.

ಒಣಮೀನಿನ ಅಂಗಡಿಗಳು ನಮ್ಮನ್ನು ಜಾಸ್ತಿ ಹೊತ್ತು ಹಿಡಿದಿಟ್ಟವು. ಟ್ಯೂನಾ ಮೀನಿನ ಬೆನ್ನಿನ ಭಾಗವನ್ನು ಉಪ್ಪಿನಲ್ಲಿ ಹೂತಿಟ್ಟು, ತೊಳೆದು, ಗಾಳಿಗೆ ಒಣಗಿಸಿದ್ದೇ ಮೋಹಾಮಾ. ಕಡು ಕೆಂಪು ಬಣ್ಣ. ತೆಳ್ಳಗೆ ಹೆಚ್ಚಿ, ಎಣ್ಣೆ ಸವರಿ, ಹುರಿದ ಬಾದಾಮಿ ಜೊತೆ ತಿನ್ನುತ್ತಾರೆ. ಪಕ್ಕದಲ್ಲಿ ಒಣಗಿಸಿದ ಮೀನಿನ ಮೊಟ್ಟೆಯ ಗಟ್ಟಿಗಳು. ಅಂಗಡಿಯಾಕೆ ಕೊಟ್ಟ ಒಂದು ಚೂರನ್ನು ಅಕ್ಕ ನಿಧಾನಕ್ಕೆ ಜಗಿದು, "ಉಪ್ಪು ಸರಿಯಾಗಿದೆ. ಇನ್ನೊಂದು ದಿನ ಬಿಸಿಲು ಬೇಕಿತ್ತು" ಎಂದು ತೀರ್ಪು ಕೊಟ್ಟಳು. ನಾನು ಅದನ್ನು ಸ್ಪ್ಯಾನಿಷ್‌ಗೆ ಅನುವಾದಿಸುವ ಗೋಜಿಗೆ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಈ ಕಟ್ಟಡದ ಸುತ್ತ ಜಾತ್ರೆಯೇ ಸೇರುತ್ತದೆ. ಸಾಮಾನು ಕೊಂಡವರು, ಕೊಳ್ಳದವರು ಎಲ್ಲ ಬೀದಿಯಲ್ಲೇ ನಿಂತು ಕುಡಿಯಲು ಶುರು ಮಾಡುತ್ತಾರೆ. ಸಂಜೆವರೆಗೂ ಅದೇ. ನಾವು ಅಲ್ಲೇ ನೆಲದಡಿಯ ಮರ್ಕಾದೊ ಸ್ಟೇಷನ್ನಿಗೆ ಇಳಿದು, ಬೆನಿಡಾರ್ಮ್‌ನಲ್ಲಿ ಟ್ರಾಮ್ ಬದಲಿಸಿ ಅಲ್ತೇಯಾ ಸೇರಿದೆವು. ಅಡಿಗೆಮನೆ ಇರುವ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದಿದ್ದೆ. ಸಂತೆ ಸುತ್ತುವವರಿಗೆ ಇದು ಬೇಕೇಬೇಕು. ಹೋಟೆಲ್ ರೂಮಿನಲ್ಲಿದ್ದು ಎರಡು ಕಿಲೋ ಹಸಿ ಬಟಾಣಿ ಕೊಂಡು ಏನು ಮಾಡುವುದು?

ಭಾನುವಾರ, ಬೆನಿಡಾರ್ಮ್

ಬೇಗ ಮುಗಿಸುತ್ತೇನೆ. ಎತ್ತರೆತ್ತರದ ಹೋಟೆಲ್‌ಗಳ ಊರಿದು. ಬುಧವಾರ, ಭಾನುವಾರ ಸಂತೆ. ಬಟ್ಟೆ, ಚಪ್ಪಲಿ, ಬೆಲ್ಟು, ಫೋನ್ ಕವರು, ಫ್ರಿಜ್ಜಿಗೆ ಅಂಟಿಸುವ ಗೂಳಿ. ಎಲ್ಲ ಎಲ್ಲಿಂದಲೋ ಕಂಟೇನರ್‌ನಲ್ಲಿ ಬಂದದ್ದು. ಅಕ್ಕ ಒಂದು ಟವೆಲ್ ಬಿಡಿಸಿ, ಬೆಳಕಿಗೆ ಹಿಡಿದು, "ಸಂತೆ ಹೊತ್ತಿಗೆ ಮೂರು ಮೊಳ ನೇಯ್ದದ್ದು" ಎಂದು ಮಡಿಸಿಟ್ಟಳು. ಚುರ್ರೋ ಚೆನ್ನಾಗಿತ್ತು. ಬಿಸಿ ಎಣ್ಣೆಯಿಂದ ತೆಗೆದು ಕಾಗದದ ಪೊಟ್ಟಣಕ್ಕೆ ಹಾಕಿಕೊಡುತ್ತಾರೆ, ನಿಂತಲ್ಲೇ ತಿನ್ನಬೇಕು. ಹನ್ನೆರಡಕ್ಕೆಲ್ಲ ವಾಪಸ್ ಹೊರಟೆವು.

ಸೋಮವಾರ, ದೇನಿಯಾ

ಬೆನಿಡಾರ್ಮ್‌ನಿಂದ ದೇನಿಯಾಕ್ಕೆ ಹೋಗುವ ಸಣ್ಣ ರೈಲು ಹಳಿ 1915ರಲ್ಲಿ ಪೂರ್ತಿಯಾದದ್ದು. ನ್ಯಾರೋ ಗೇಜ್. ರಿಪೇರಿಗೆಂದು ಮೇಲಿನ ಭಾಗ ವರ್ಷಗಟ್ಟಲೆ ಮುಚ್ಚಿದ್ದು, 2023ರಲ್ಲಿ ಮತ್ತೆ ದೇನಿಯಾವರೆಗೆ ಓಡಲು ಶುರುವಾಯಿತು. ಅಲ್ತೇಯಾ ದಾಟಿದ ಮೇಲೆ ಮಸ್ಕರಾತ್ ಎಂಬ ಕಮರಿ ಬರುತ್ತದೆ. ಸುರಂಗ, ಸೇತುವೆ, ಮತ್ತೆ ಸುರಂಗ, ನಡುವೆ ಒಂದು ಕ್ಷಣ ಕೆಳಗೆ ಸಮುದ್ರ. ನಮ್ಮ ಬೋಗಿಯಲ್ಲಿ ಎರಡು ಗಾಲಿಯ ಬಟ್ಟೆ ಚೀಲ ಎಳೆದುಕೊಂಡ ಅಜ್ಜಿಯರೇ ತುಂಬಿದ್ದರು. ಇಲ್ಲಿ ಸಂತೆಗೆ ಹೋಗುವವರ ಗುರುತೇ ಆ ಗಾಲಿ ಚೀಲ. ಅಕ್ಕ ಅದರ ಮೇಲೆ ಆಗಲೇ ಕಣ್ಣು ಹಾಕಿದ್ದಳು.

ದೇನಿಯಾದ ಸೋಮವಾರದ ಸಂತೆ ದೊಡ್ಡದು. ಪ್ರತಿ ಅಂಗಡಿಗೂ ಜಾಗ ಗೊತ್ತು ಮಾಡಿರುತ್ತಾರೆ. ನಗರಸಭೆಯ ಪರವಾನಗಿ ಬೇಕು, ಜಾಗದ ಅಳತೆಗೆ ತಕ್ಕ ಶುಲ್ಕ ಕಟ್ಟಬೇಕು. ಬಟ್ಟೆಯ ಸಾಲುಗಳಲ್ಲಿ ಜಿತಾನೊ, ಅಂದರೆ ಸ್ಪೇನಿನ ರೋಮಾ (ಜಿಪ್ಸಿ) ಸಮುದಾಯದವರು ಜಾಸ್ತಿ. ಗಂಡ ವ್ಯಾನಿನ ಹತ್ತಿರ, ಹೆಂಡತಿ ಮೇಜಿನ ಹಿಂದೆ, ಮಗಳು ಮೇಜಿನ ಮೇಲೆ ಹತ್ತಿ ನಿಂತು ಕೂಗುವುದು. "ಬರಾತೊ, ಬರಾತೊ! ಅಗ್ಗ! ಎರಡಕ್ಕೆ ಐದು ಯೂರೋ, ರಾಣಿ, ನೋಡು ಇಲ್ಲಿ!" ಕೊಳ್ಳಲು ಬಂದ ಹೆಂಗಸರೆಲ್ಲ ಇಲ್ಲಿ ರಾಣಿಯರೇ.

ಒಂದು ಹತ್ತಿ ಬಟ್ಟೆಯ ಅಂಗಡಿಯಾಕೆ ಅಕ್ಕನ ಸೀರೆ ನೋಡಿ ಕೂಗುವುದನ್ನು ನಿಲ್ಲಿಸಿದಳು. ಸೆರಗಿನ ಅಂಚು ಬೆರಳಲ್ಲಿ ಹಿಡಿದು ನೋಡಿದಳು. ಇಂಡಿಯಾ ಎಂದು ಗೊತ್ತಾದ ಮೇಲೆ ತನ್ನ ಎದೆ ಮುಟ್ಟಿ, ಅಕ್ಕನ ಕೈ ಮುಟ್ಟಿ, "ಪ್ರಿಮಾಸ್" ಅಂದಳು. ಅಕ್ಕತಂಗಿಯರ ಮಕ್ಕಳು ಅನ್ನುವ ಲೆಕ್ಕ. ಸುಮ್ನೆ ವ್ಯಾಪಾರದ ಮಾತಲ್ಲ ಅದು. ರೋಮಾ ಜನರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರು. ಸ್ಪೇನಿಗೆ ಬಂದ ಮೊದಲ ದಾಖಲೆ 1425ರದ್ದು, ಅರಗೋನಿನ ರಾಜ ಕೊಟ್ಟ ಒಂದು ಪ್ರಯಾಣದ ಪರವಾನಗಿ. ಮುಂದಿನ ಶತಮಾನಗಳಲ್ಲಿ ಅವರಿಗೆ ಸಿಕ್ಕಿದ್ದು ಪರವಾನಗಿಯಲ್ಲ, ಬಂಧನ. 1749ರಲ್ಲಿ ಇಡೀ ದೇಶದಲ್ಲಿ ಒಂದೇ ಬಾರಿಗೆ ಸಾವಿರಾರು ಜಿತಾನೊಗಳನ್ನು ಹಿಡಿದು ಹಾಕಿದ್ದರು. ಇದನ್ನೆಲ್ಲ ನಾನು ಅಕ್ಕನಿಗೆ ಹೇಳುವಷ್ಟರಲ್ಲಿ ಅವಳು ಆ "ತಂಗಿ"ಯ ಹತ್ತಿರ ಮೂರು ಮೇಜುಬಟ್ಟೆಗೆ ಚೌಕಾಸಿ ಶುರು ಮಾಡಿದ್ದಳು. ಸಂಬಂಧ ಸಂಬಂಧವೇ, ಬೆಲೆ ಬೆಲೆಯೇ. ಇಬ್ಬರೂ ಒಂದು ಯೂರೋ ಬಿಟ್ಟುಕೊಡಲಿಲ್ಲ. ಕೊನೆಗೆ ಅದೇ ಬೆಲೆಗೆ ಕೊಂಡು, ಒಂದು ಕರವಸ್ತ್ರ ಪುಕ್ಕಟೆ ಪಡೆದು ಬಂದಳು.

ದೇನಿಯಾದಲ್ಲಿ ಹಣ ಉಳಿಸಿಕೊಂಡು ನೋಡಬೇಕಾದದ್ದು ಒಳಗಿನ ನಗರ ಮಾರುಕಟ್ಟೆ. ಊಟದ ವಿಷಯಕ್ಕೆ 2015ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿದ ಊರಿದು. ಇಲ್ಲಿನ ಕೆಂಪು ಸಿಗಡಿ ಹಸಿಯಾಗಿದ್ದಾಗಲೇ ಕೆಂಪು. ಕಡಲ ತಳದ ಆಳದಿಂದ ಹಿಡಿದು ತರುತ್ತಾರೆ. ಕಿಲೋಗೆ ನೂರು ಯೂರೋ ದಾಟಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಕ್ಕ ಹುಬ್ಬೇರಿಸಿದಳು. "ನೂರು ಯೂರೋ ಅಂದ್ರೆ ಎಷ್ಟಾಯ್ತು ಮಾರಾಯ್ತಿ?" ನಾನು ಲೆಕ್ಕ ಹೇಳಲಿಲ್ಲ. ರಜೆಯಲ್ಲಿ ರೂಪಾಯಿ ಲೆಕ್ಕ ಹಾಕಬಾರದು ಎಂದು ಮೊದಲೇ ಒಪ್ಪಂದವಾಗಿತ್ತು. ಎಂಟು ಸಿಗಡಿ ಕೊಂಡೆವು. ಮನೆಯಲ್ಲಿ ಕಲ್ಲುಪ್ಪು ಹಾಕಿ ಕಾವಲಿಯ ಮೇಲೆ ಬಿಸಿ ಮಾಡಿದ್ದು ಅಷ್ಟೇ. ಮಸಾಲೆ ಹಾಕಲು ಹೊರಟವಳನ್ನು ತಡೆದೆ. ತಲೆಯೊಳಗಿನ ರಸ ಹೀರಿದ ಮೇಲೆ ಅಕ್ಕ ಬೆಲೆಯ ಮಾತೆತ್ತಲಿಲ್ಲ.

ಅಂಗಡಿಯ ಮೇಲೆ ಒಣಗಿದ ಆಕ್ಟೋಪಸ್‌ಗಳು ತೂಗಾಡುತ್ತಿದ್ದವು, ಕೋಲು ಸಿಕ್ಕಿಸಿ ಕಾಲುಗಳನ್ನು ಅಗಲಿಸಿಟ್ಟಿದ್ದರು. ಬಿಸಿಲು ಗಾಳಿಗೆ ಒಣಗಿಸಿ, ಬೆಂಕಿಯ ಮೇಲೆ ಸುಟ್ಟು, ಚೂರು ಮಾಡಿ ತಿನ್ನುವುದು. ಒಣಗಿಸುವುದು ಈ ಊರಿನ ಹಳೆಯ ಕಸುಬು. ಹತ್ತೊಂಬತ್ತನೇ ಶತಮಾನದಲ್ಲಿ ದೇನಿಯಾ ಸಿರಿವಂತವಾದದ್ದೇ ಒಣದ್ರಾಕ್ಷಿಯಿಂದ. ಸುತ್ತಲಿನ ಹಳ್ಳಿಗಳಲ್ಲಿ ಮಸ್ಕತೆಲ್ ದ್ರಾಕ್ಷಿಯನ್ನು ಕುದಿಯುವ ಕ್ಷಾರದ ನೀರಿನಲ್ಲಿ ಒಮ್ಮೆ ಅದ್ದಿ, ಜೊಂಡಿನ ತಟ್ಟೆಗಳಲ್ಲಿ ಬಿಸಿಲಿಗೆ ಹರಡುತ್ತಿದ್ದರು. ಮಳೆ ಬಂದರೆ, ರಾತ್ರಿಯಾದರೆ ಆ ತಟ್ಟೆಗಳನ್ನು ಕಮಾನುಗಳ ಜಗಲಿಯೊಳಗೆ ಎಳೆದುಕೊಳ್ಳುತ್ತಿದ್ದರು. ರಿಯುರಾವು ಎಂಬ ಆ ಕಮಾನಿನ ಕಟ್ಟಡಗಳು ರೈಲಿನ ಕಿಟಕಿಯಿಂದ ಈಗಲೂ ಕಾಣುತ್ತವೆ. ದ್ರಾಕ್ಷಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು, ಅಲ್ಲಿನ ಕೇಕುಗಳಿಗೆ. ಆಮೇಲೆ ಬೇರು ತಿನ್ನುವ ಹುಳ ಬಂದು ಬಳ್ಳಿಗಳು ಸತ್ತವು, ಬೇರೆ ದೇಶಗಳ ದ್ರಾಕ್ಷಿ ಪೈಪೋಟಿಗೆ ಬಂತು, ವ್ಯಾಪಾರ ಮುಗಿಯಿತು. ಒಣದ್ರಾಕ್ಷಿ ಈಗಲೂ ಸಿಗುತ್ತದೆ, ಬೀಜ ಇರುವುದು, ಕಪ್ಪಗೆ, ದಪ್ಪಗೆ. ಒಂದು ಕಿಲೋ ಕೊಂಡೆವು.

ಮಂಗಳವಾರ, ಅಲ್ತೇಯಾ

ನಮ್ಮ ಊರಿನದೇ ಸಂತೆ. ಬೆಳಿಗ್ಗೆ ಎಂಟಕ್ಕೆ ಹೊರಟೆವು. ನೀಲಿ ಗುಮ್ಮಟದ ಚರ್ಚು ಇರುವ ಹಳೆಯ ಊರು ಮೇಲೆ ಗುಡ್ಡದಲ್ಲಿದೆ. ಪ್ರವಾಸಿಗರು ಅಲ್ಲಿ ಫೋಟೋ ತೆಗೆಯುತ್ತಾರೆ. ಸಂತೆ ಕೆಳಗೆ. ವಾರದ ಅತ್ಯುತ್ತಮ ಬೆಳಗು ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಮೇ ತಿಂಗಳ ಮೊದಲ ದಿನಗಳು. ಈ ಹೊತ್ತಿನಲ್ಲಿ ಇಲ್ಲಿ ಬರಬೇಕಾದದ್ದು ನಿಸ್ಪೆರೊ ಹಣ್ಣಿಗೆ. ಉತ್ತರ ಭಾರತದಲ್ಲಿ ಲೊಕಾಟ್ ಅನ್ನುತ್ತಾರಲ್ಲ, ಅದೇ. ಅಲ್ತೇಯಾದ ಹಿಂದಿನ ಕಣಿವೆಯಲ್ಲಿ ಕಾಯೊಸಾ ಎಂಬ ಊರಿದೆ. ಅಲ್ಲಿ ಗುಡ್ಡಕ್ಕೆ ಗುಡ್ಡವೇ ಬಲೆ ಹೊದ್ದುಕೊಂಡಿದೆ, ಒಳಗೆಲ್ಲ ಈ ಮರಗಳು. ಗಾಳಿಗೆ ಕೊಂಬೆ ಉಜ್ಜಿದರೂ ಸಿಪ್ಪೆ ಕಪ್ಪಾಗುವಷ್ಟು ನಾಜೂಕು ಹಣ್ಣು. ಕಾಯೊಸಾದ ಹೆಸರಿಗೆ ಮೂಲಸ್ಥಾನದ ಅಧಿಕೃತ ಮಾನ್ಯತೆಯೂ ಇದೆ. ಮರದ ಪೆಟ್ಟಿಗೆಯಲ್ಲಿ ಒಂದೊಂದನ್ನೂ ತೊಟ್ಟು ಮೇಲೆ ಮಾಡಿ ಜೋಡಿಸಿರುತ್ತಾರೆ. ಸಿಪ್ಪೆ ಸುಲಿದರೆ ಹುಳಿಸಿಹಿ ರಸ, ಒಳಗೆ ನುಣುಪಾದ ದೊಡ್ಡ ಕಂದು ಬೀಜಗಳು.

ಅಕ್ಕ ಅಭ್ಯಾಸಬಲದಿಂದ ಒಂದನ್ನು ಒತ್ತಿ ನೋಡಲು ಕೈ ಚಾಚಿದಳು. ಮಾರುವ ಮುದುಕ "ನೋ, ನೋ, ಸೆನ್ಯೋರಾ!" ಎಂದು ಪೆಟ್ಟಿಗೆಗೆ ಅಡ್ಡ ಬಂದ. ಇಲ್ಲಿ ಹಣ್ಣು ಮುಟ್ಟುವ ಹಕ್ಕು ಮಾರುವವನದು. ಯಾವತ್ತು ತಿನ್ನುತ್ತೀರಿ ಎಂದು ಕೇಳುತ್ತಾನೆ. ಇವತ್ತಿಗೆ ಬೇಕಾದರೆ ಕಪ್ಪು ಚುಕ್ಕೆ ಬಿದ್ದದ್ದು, ನಾಡಿದ್ದಿಗಾದರೆ ಗಟ್ಟಿ ಇರುವುದು ತೆಗೆದುಕೊಡುತ್ತಾನೆ. ಚುಕ್ಕೆ ಬಿದ್ದದ್ದೇ ರುಚಿ, ಬೆಲೆಯೂ ಕಡಿಮೆ. ಪ್ರವಾಸಿಗರು ಹೊಳೆಯುವುದನ್ನು ಆರಿಸುತ್ತಾರೆ, ಊರಿನ ಅಜ್ಜಿಯರು ಚುಕ್ಕೆಯದನ್ನು ಒಯ್ಯುತ್ತಾರೆ. ನಾವು ಅಜ್ಜಿಯರ ಹಿಂದೆ ನಿಂತೆವು.

ಆಲಿವ್ ಮತ್ತು ಉಪ್ಪಿನಕಾಯಿಯ ಅಂಗಡಿ ಇನ್ನೊಂದು ಲೋಕ. ದೊಡ್ಡ ಡಬ್ಬಗಳ ಸಾಲು. ಜಜ್ಜಿದ ಹಸಿರು ಆಲಿವ್, ಬೆಳ್ಳುಳ್ಳಿ ಹಾಕಿದ್ದು, ಕಿತ್ತಳೆ ಸಿಪ್ಪೆ ಹಾಕಿದ್ದು, ಕಪ್ಪು ಸುಕ್ಕು ಆಲಿವ್, ಉಪ್ಪುನೀರಿನ ಲುಪಿನ್ ಕಾಳು, ಕೇಪರ್ ಗಿಡದ ಮೊಗ್ಗು, ಅದರ ಕಾಯಿ, ಅದರ ಎಳೆಯ ಕಾಂಡ ಕೂಡ. ಮುಳ್ಳು ಇರುವ ಆ ಕಾಂಡವನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮುಳ್ಳು ಮೆತ್ತಗಾಗುತ್ತದಂತೆ. ಕಾಲು ಕಿಲೋ ಮತ್ತು ಅದರ ಅರ್ಧ, ಅಂದರೆ 375 ಗ್ರಾಂ, ಇಲ್ಲಿ ಕೇಳುವ ಒಂದು ಮಾಮೂಲಿ ಅಳತೆ. ಒಬ್ಬಳು ಅಜ್ಜಿ ಹಾಗೆ ಕೇಳಿದ್ದನ್ನು ನೋಡಿ ನಾವೂ ಹಾಗೇ ಕೇಳಿದೆವು. ಅಂಗಡಿಯವ ಖುಷಿಯಾಗಿ ಮೇಲೆ ನಾಲ್ಕು ಆಲಿವ್ ಹಾಕಿದ.

ಮಸಾಲೆಯ ಮೇಜಿನ ಮುಂದೆ ಅಕ್ಕ ತವರಿಗೆ ಬಂದಷ್ಟು ಸಲೀಸಾದಳು. ದಾರಕ್ಕೆ ಪೋಣಿಸಿದ ದುಂಡನೆಯ ಒಣಮೆಣಸು, ನ್ಯೋರಾ. ಅಲಿಕಾಂತೆಯ ಅನ್ನದ ಅಡಿಗೆಗಳಿಗೆಲ್ಲ ಇದೇ ಬೇಕು. ನೆನೆಸಿ ಒಳಗಿನ ತಿರುಳನ್ನು ಚಮಚದಿಂದ ಕೆರೆದು ತೆಗೆಯುತ್ತಾರೆ, ಇಲ್ಲವೇ ಎಣ್ಣೆಯಲ್ಲಿ ಹುರಿದು ಕುಟ್ಟುತ್ತಾರೆ. ಅಕ್ಕ ಒಂದನ್ನು ಮುರಿದು ಮೂಸಿ, ನಾಲಗೆಗೆ ತಾಗಿಸಿ, "ನಮ್ಮ ಬ್ಯಾಡಗಿಯ ಹಾಗೆ ಮಾರಾಯ್ತಿ, ಬಣ್ಣ ಉಂಟು, ಉರಿ ಇಲ್ಲ" ಅಂದಳು. ಸರಿಯಾದ ಮಾತು. ಮೆಣಸು ಸ್ಪೇನಿಗೂ ಹೊಸ ಲೋಕದಿಂದ ಬಂದದ್ದು, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೂ ಬಂದದ್ದು. ಎರಡು ಮಾಲೆ ಚೀಲ ಸೇರಿತು.

ಅದೇ ಮೇಜಿನಲ್ಲಿ ಕೇಸರಿಯ ಪೊಟ್ಟಣಗಳೂ ಇದ್ದವು. ಇಲ್ಲಿ ಹುಷಾರು. ಒಳ್ಳೆಯ ಸ್ಪ್ಯಾನಿಷ್ ಕೇಸರಿ ಲಾ ಮಾಂಚಾ ಕಡೆಯದು, ಗ್ರಾಂ ಲೆಕ್ಕದಲ್ಲಿ ಸೀಲ್ ಆದ ಡಬ್ಬಿಯಲ್ಲಿ ಬರುತ್ತದೆ, ಅಗ್ಗವಲ್ಲ. ದೊಡ್ಡ ಪೊಟ್ಟಣದಲ್ಲಿ ಅಗ್ಗಕ್ಕೆ ಸಿಕ್ಕರೆ ಅದು ಕುಸುಬೆ ಹೂವಿನ ಎಸಳೇ ಇರಬೇಕು. ಇನ್ನೊಂದು ಗುಟ್ಟು. ಪಾಯೆಯಾದ ಅನ್ನದ ಹಳದಿ ಬಣ್ಣ ಕೇಸರಿಯದೆಂದು ನಾವು ನಂಬಿರುತ್ತೇವೆ, ಅಲ್ವಾ? ಎಷ್ಟೋ ಮನೆಗಳಲ್ಲಿ ಅದು ಕೋಲೋರಾಂತೆ ಎಂಬ ಹಳದಿ ಪುಡಿ. ಸಣ್ಣ ಡಬ್ಬಿಗೆ ಚಿಲ್ಲರೆ ಕಾಸು. ಅಜ್ಜಿಯರು ಕೊಳ್ಳುತ್ತಿದ್ದದ್ದು ಅದನ್ನೇ.

ಒಂದೂವರೆ ಗಂಟೆಗೆ ಕೂಗು ಬದಲಾಯಿತು. ಬೆಳಿಗ್ಗೆ ಕಿಲೋ ಲೆಕ್ಕದಲ್ಲಿದ್ದ ಟೊಮೆಟೊ ಈಗ ಬುಟ್ಟಿ ಲೆಕ್ಕ. "ಎಲ್ಲ ಒಂದು ಯೂರೋ!" ತರಕಾರಿಯವರ ಹತ್ತಿರ ಬೆಳಿಗ್ಗೆ ಚೌಕಾಸಿ ನಡೆಯುವುದಿಲ್ಲ, ಅಕ್ಕ ಎರಡು ಸಲ ಪ್ರಯತ್ನಿಸಿ ಸೋತಿದ್ದಳು. ಅವರ ಬದಲಿಗೆ ಗಡಿಯಾರ ಚೌಕಾಸಿ ಮಾಡುತ್ತದೆ. ಎರಡಕ್ಕೆ ಮೊದಲು ಖಾಲಿ ಮಾಡಿ ಹೊರಡಬೇಕು. ಹಿಂದೆಯೇ ನಗರಸಭೆಯವರು ನೀರಿನ ಪೈಪು ಹಿಡಿದು ರಸ್ತೆ ತೊಳೆಯುತ್ತಾರೆ. ಎರಡೂವರೆಗೆ ಅದೇ ಜಾಗದಲ್ಲಿ ಕಾರುಗಳು ನಿಂತಿದ್ದವು.

ದುಡ್ಡಿನ ವಿಷಯ ಒಂದು ಮಾತು. ಸ್ಪೇನಿನವರು ಫೋನಿನಲ್ಲಿ ಬಿಸುಮ್ ಎಂಬುದನ್ನು ಬಳಸುತ್ತಾರೆ, ಸಂತೆಯಲ್ಲೂ ಬಳಸುತ್ತಾರೆ. ಆದರೆ ಸ್ಪೇನಿನ ಬ್ಯಾಂಕ್ ಖಾತೆ ಬೇಕು. ಕಾರ್ಡ್ ಕೆಲವರು ಮಾತ್ರ ತೆಗೆದುಕೊಳ್ಳುತ್ತಾರೆ. ಐದು, ಹತ್ತರ ನೋಟು ಇಟ್ಟುಕೊಂಡರೆ ಚಿಂತೆಯಿಲ್ಲ. 2018ರ ಜುಲೈಯಿಂದ ಅಂಗಡಿಗಳು ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆ ಕೊಡುವ ಹಾಗಿಲ್ಲ ಎಂದು ಕಾನೂನಿದೆ. ಅಕ್ಕ ಇದನ್ನು ನೆಪ ಮಾಡಿಕೊಂಡು ಗಾಲಿ ಚೀಲ ಕೊಂಡಳು. ಕಡು ನೀಲಿ, ಬಿಳಿ ಚುಕ್ಕೆ.

ಬುಧವಾರ, ತೆವುಲಾದಾ ಮತ್ತು ಕಾಲ್ಪೆ

ತೆವುಲಾದಾ ಸಣ್ಣ ಸಂತೆ, ಊರವರಿಗಾಗಿ ನಡೆಯುವುದು. ಕೋಳಿ, ಮೊಟ್ಟೆ, ಬಲೆ ಚೀಲದಲ್ಲಿ ಜೀವಂತ ಬಸವನಹುಳು, ನೆಡಲು ಟೊಮೆಟೊ ಸಸಿ. ಒಂದು ಗಂಟೆಯಲ್ಲಿ ಮುಗಿಯಿತು. ಮಸ್ಕತೆಲ್ ದ್ರಾಕ್ಷಿ ಒಣಗಿಸುವುದು ಕಡಿಮೆಯಾದ ಮೇಲೆ ಈ ಕಡೆಯವರು ಅದನ್ನು ಸಿಹಿ ಪಾನೀಯಕ್ಕೆ ಹಚ್ಚಿದರು. ದ್ರಾಕ್ಷಿ ರಸ ಹುಳಿಯುವ ಮೊದಲೇ ಮದ್ಯಸಾರ ಬೆರೆಸಿ ನಿಲ್ಲಿಸಿದರೆ ಮಿಸ್ತೆಲಾ. ಒಂದು ಬಾಟಲಿ ಕೊಂಡೆವು. "ಕೆಮ್ಮಿಗೆ ಒಳ್ಳೇದು" ಎಂದಳು ಅಕ್ಕ, ಕೆಮ್ಮು ಯಾರಿಗೂ ಇರಲಿಲ್ಲ.

ಸಂಜೆ ಕಾಲ್ಪೆಯಲ್ಲಿ ಇಳಿದೆವು. ಸ್ಟೇಷನ್ ಗುಡ್ಡದ ಮೇಲೆ, ಬಂದರು ಬಹಳ ಕೆಳಗೆ. 332 ಮೀಟರ್ ಎತ್ತರದ ಇಫಾಕ್ ಬಂಡೆ ಸಮುದ್ರದಿಂದ ನೆಟ್ಟಗೆ ಎದ್ದು ನಿಂತಿದೆ, ಅದರ ಬುಡದಲ್ಲಿ ಮೀನಿನ ಹರಾಜು ಕಟ್ಟೆ. ಐದರ ಹೊತ್ತಿಗೆ ದೋಣಿಗಳು ಬರುತ್ತವೆ. ಹೊರಗಿನವರು ಮೇಲಿನಿಂದ ನಿಂತು ನೋಡಬಹುದು. ಕೆಳಗೆ ಮೀನಿನ ಟ್ರೇಗಳು ಬೆಲ್ಟಿನ ಮೇಲೆ ಸಾಗುತ್ತವೆ, ಪರದೆಯ ಮೇಲೆ ಬೆಲೆ ಮೂಡುತ್ತದೆ.

ಅಕ್ಕ ಸ್ವಲ್ಪ ಹೊತ್ತು ನೋಡಿ ಗೊಂದಲಕ್ಕೆ ಬಿದ್ದಳು. "ಬೆಲೆ ಇಳೀತಾ ಉಂಟಲ್ಲ?" ಹೌದು. ನಮ್ಮ ಕಡೆ ಬಂದರಿನಲ್ಲಿ ಕೂಗು ಏರುತ್ತಾ ಹೋಗುತ್ತದೆ. ಇಲ್ಲಿ ಮೇಲಿನ ಬೆಲೆಯಿಂದ ಶುರುವಾಗಿ ಸರಸರ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಮೀನು. ಬೇಗ ಒತ್ತಿದರೆ ದುಡ್ಡು ಹೋಯಿತು, ತಡ ಮಾಡಿದರೆ ಮೀನು ಹೋಯಿತು. ಯಾರೂ ಕೂಗುವುದಿಲ್ಲ. ಕೈಯಲ್ಲಿ ಸಣ್ಣ ರಿಮೋಟ್ ಹಿಡಿದು, ಮುಖದಲ್ಲಿ ಏನೂ ತೋರಿಸದೆ ನಿಂತಿರುತ್ತಾರೆ. ಅಕ್ಕ ಪ್ರತಿ ಟ್ರೇಗೂ ತನ್ನ ಬೆಲೆ ಪಿಸುಗುಟ್ಟಲು ಶುರು ಮಾಡಿದಳು. "ಈಗ... ಈಗ ಒತ್ತಬೇಕು... ಹೋಯ್ತು." ಕಟ್ಲೆ ಮೀನಿಗೆ ಎರಡು ಸಲ ಸರಿಯಾಗಿ ಹೇಳಿದಳು. ಕೊನೆಯ ಟ್ರೇ ಹೋಗುವವರೆಗೂ ಅವಳನ್ನು ಅಲ್ಲಿಂದ ಎಬ್ಬಿಸಲಾಗಲಿಲ್ಲ.

ಗುರುವಾರ, ಹಾವೆಯಾ

ಬೆಳಿಗ್ಗೆಯಿಂದ ಮಳೆ. ಮಳೆ ಬಂದರೆ ಸಂತೆ ಅರ್ಧ. ಬಟ್ಟೆಯವರು ಬರಲೇ ಇಲ್ಲ, ತರಕಾರಿಯವರು ತಾಡಪಾಲು ಕಟ್ಟಿಕೊಂಡು ಕೂತಿದ್ದರು. ಈ ಊರಿನ ಜನರಲ್ಲಿ ಅರ್ಧದ ಆಸುಪಾಸು ವಿದೇಶಿಯರು, ಬ್ರಿಟಿಷ್ ಪಿಂಚಣಿದಾರರು ಅದರಲ್ಲಿ ಜಾಸ್ತಿ. ತರಕಾರಿ ಹುಡುಗ ನನಗೆ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಾನು ಎಲ್ಲಿಂದ ಎಂದು ತಿಳಿದು ಡಚ್ಚಿನಲ್ಲಿ ಬೆಲೆ ಹೇಳಿದ.

ಹಳೆಯ ಊರಿನ ಮನೆಗಳ ಕಿಟಕಿ ಬಾಗಿಲಿಗೆಲ್ಲ ಜೇನುಬಣ್ಣದ ತೋಸ್ಕಾ ಕಲ್ಲು, ತೂತು ತೂತಾಗಿ ಹಗುರಾಗಿರುವುದು. ಚರ್ಚು ಕೋಟೆಯ ಹಾಗೆ ದಪ್ಪ ಗೋಡೆಯದು. ಕಡಲ್ಗಳ್ಳರು ಬಂದಾಗ ಊರೆಲ್ಲ ಅದರೊಳಗೆ ಸೇರಿಕೊಳ್ಳುತ್ತಿತ್ತು. ನಾವು ಮಳೆಗೆ ಪಕ್ಕದ ಮಾರುಕಟ್ಟೆ ಕಟ್ಟಡ ಸೇರಿಕೊಂಡು ಕೊಕಾ ತಿಂದೆವು. ಮೆಕ್ಕೆಜೋಳದ ಹಿಟ್ಟಿನ ತೆಳು ರೊಟ್ಟಿ, ಒಳಗೆ ಟೊಮೆಟೊ, ಟ್ಯೂನಾ, ಬೇಯಿಸಿದ ಮೊಟ್ಟೆ. ಮನೆಗೆ ಬಂದು ಹಸಿ ಬಟಾಣಿ, ಆರ್ಟಿಚೋಕ್ ಹಾಕಿ ಪಲ್ಯ ಮಾಡಿದಳು ಅಕ್ಕ, ನ್ಯೋರಾ ಒಗ್ಗರಣೆ. ಆರ್ಟಿಚೋಕ್ ಸುಲಿಯುವಾಗ ಮುಕ್ಕಾಲು ಪಾಲು ಕಸಕ್ಕೆ ಹೋಗುತ್ತದೆ. ಅದಕ್ಕೆ ಅವಳ ಸಮ್ಮತಿ ಇರಲಿಲ್ಲ.

ಶುಕ್ರವಾರ, ಗಾತಾ ದೆ ಗೋರ್ಗೋಸ್

ಗಾತಾದ ಹೆಸರು ಬುಟ್ಟಿಗೆ. ಹೆದ್ದಾರಿಯ ಎರಡೂ ಬದಿ ಬುಟ್ಟಿ, ಟೋಪಿ, ಚಾಪೆ, ಬೆತ್ತದ ಕುರ್ಚಿ ನೇತು ಹಾಕಿದ ಅಂಗಡಿಗಳು. ಶುಕ್ರವಾರದ ಸಂತೆ ಸಾಧಾರಣ, ಈ ಅಂಗಡಿಗಳು ವಾರವಿಡೀ ತೆರೆದಿರುತ್ತವೆ. ಗಿಟಾರ್ ತಯಾರಿಸುವವರೂ ಈ ಊರಲ್ಲಿದ್ದಾರೆ. ಹಿಂದೆ ಇಲ್ಲಿ ಗುಡ್ಡದ ಕುಳ್ಳ ಈಚಲ ಜಾತಿಯ ಗಿಡದ ಎಲೆ ತಂದು, ಒಣಗಿಸಿ, ಹೆಂಗಸರು ಮನೆ ಬಾಗಿಲಲ್ಲಿ ಕೂತು ಉದ್ದುದ್ದ ಪಟ್ಟಿ ಹೆಣೆಯುತ್ತಿದ್ದರು. ಆ ಪಟ್ಟಿ ಹೊಲಿದರೆ ಬುಟ್ಟಿ.

ಈಗ ನೇತಾಡುವುದೆಲ್ಲ ಇಲ್ಲಿಯದಲ್ಲ. ಮೊರೊಕ್ಕೊ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯಿಂದ ಬಂದದ್ದೂ ಸೇರಿಕೊಂಡಿದೆ. ಬೆಲೆ ಅರ್ಧಕ್ಕರ್ಧ ಕಡಿಮೆ, ನೋಡಲೂ ಚಂದ. ಕೇಳಿದರೆ ಹೆಚ್ಚಿನವರು ನಿಜ ಹೇಳುತ್ತಾರೆ, ಆದರೆ ಕೇಳಬೇಕು. ಅಕ್ಕ ಕೇಳುವ ಮೊದಲೇ ಬುಟ್ಟಿಯ ತಳ ತಿರುಗಿಸಿ, ಪಟ್ಟಿ ಶುರುವಾಗುವ ನಡುಭಾಗ ನೋಡುತ್ತಿದ್ದಳು. ಹೊಲಿಗೆ ಒಂದೇ ಸಮ ಇದ್ದರೆ ಕೆಳಗಿಡುವುದು. ಒಂದು ಒಳಗಿನ ಅಂಗಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಮಾತಾಡುತ್ತಲೇ ಹೆಣೆಯುತ್ತಿದ್ದರು, ಕೈ ನೋಡುತ್ತಲೇ ಇರಲಿಲ್ಲ. ಬುಟ್ಟಿಗೆ ನಲವತ್ತು ಯೂರೋ ಅಂದರು. ನಾನು ಅಕ್ಕನ ಮುಖ ನೋಡಿದೆ. ಅವಳು ಬಾಯಿ ತೆರೆಯದೆ ನೋಟು ಎಣಿಸಿ ಕೊಟ್ಟಳು. ಹೊರಗೆ ಬಂದು ಕೇಳಿದರೆ, "ಅದಕ್ಕೆಂತ ಚೌಕಾಸಿ? ಎರಡು ದಿನದ ಕೆಲಸ ಅದು."

ಶನಿವಾರ, ಹಾಲೋನ್

ಇಲ್ಲಿಗೆ ರೈಲಿಲ್ಲ, ಎರಡು ದಿನಕ್ಕೆ ಕಾರು ಬಾಡಿಗೆ ಹಿಡಿದೆವು. ಸ್ಥಳೀಯರು ಶಾಲೋ ಅನ್ನುತ್ತಾರೆ. ದ್ರಾಕ್ಷಿ ತೋಟ, ಬಾದಾಮಿ ಮರಗಳ ಕಣಿವೆ. ನೀರಿಲ್ಲದ ಹೊಳೆಯ ಪಕ್ಕದ ರಸ್ತೆಯುದ್ದಕ್ಕೂ ಹಳೆ ಸಾಮಾನಿನ ಸಂತೆ. ಒಂಬತ್ತು ಗಂಟೆಯ ಮೇಲೆ ಬಂದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಈ ಸಂತೆ ಬೇರೆಯವುಗಳ ಹಾಗಲ್ಲ. ಇಂಗ್ಲೆಂಡಿನಿಂದ, ಜರ್ಮನಿಯಿಂದ, ಹಾಲೆಂಡಿನಿಂದ ಬಿಸಿಲಿಗೆಂದು ಬಂದು ಇಲ್ಲೇ ಮನೆ ಕಟ್ಟಿಕೊಂಡ ಮುದುಕರ ಮನೆ ಸಾಮಾನೇ ಇಲ್ಲಿ ಬರುವುದು. ಪಿಂಗಾಣಿ ಟೀ ಸೆಟ್ಟು, ಗಾಲ್ಫ್ ಕೋಲು, ಹೊಲಿಗೆ ಡಬ್ಬ, ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಪೆಟ್ಟಿಗೆ, ಊರುಗೋಲು. ಪಕ್ಕದಲ್ಲೇ ಸ್ಪ್ಯಾನಿಷ್ ಹಳ್ಳಿಮನೆಗಳಿಂದ ಬಂದ ಮಣ್ಣಿನ ಎಣ್ಣೆಜಾಡಿ, ದ್ರಾಕ್ಷಿ ಕತ್ತರಿಸುವ ಕೊಕ್ಕೆ ಚೂರಿ, ಬಣ್ಣದ ನೆಲದ ಟೈಲ್ಸು. ಇಲ್ಲಿ ಚೌಕಾಸಿ ಮಾಡದಿದ್ದರೆ ಮಾರುವವನಿಗೇ ಬೇಸರ. ಅಕ್ಕ ಇಡೀ ವಾರ ಕೂಡಿಟ್ಟದ್ದನ್ನೆಲ್ಲ ಇಲ್ಲಿ ಖರ್ಚು ಮಾಡಿದಳು, ಮಾತಿನ ಲೆಕ್ಕದಲ್ಲಿ. ಒಬ್ಬ ಕೆಂಪು ಮುಖದ ಇಂಗ್ಲಿಷ್ ಮುದುಕನ ಹತ್ತಿರ ಎರಕದ ಕಬ್ಬಿಣದ ಕಾವಲಿ. ಹದಿನೈದು ಅಂದ. ಐದು ಅಂದಳು. ಅವ ನಕ್ಕ. ಇವಳು ನಗಲಿಲ್ಲ, ಹೊರಟಳು. ಅವ ಕರೆದ. ಏಳಕ್ಕೆ ಆಯಿತು. ಆಮೇಲೆ ಆತನೇ ಥರ್ಮಾಸಿನಿಂದ ಟೀ ಕೊಟ್ಟು, ತನ್ನ ಅಪ್ಪ ಪುಣೆಯಲ್ಲಿ ಸೈನ್ಯದಲ್ಲಿದ್ದ ಕಥೆ ಹೇಳಿದ.

ಊರೊಳಗಿನ ಮಾಂಸದಂಗಡಿಗಳಲ್ಲಿ ಸೊಬ್ರಸಾದಾ ಎಂಬ ಕೆಂಪು ಸಾಸೇಜ್ ನೇತು ಹಾಕಿದ್ದರು. ಅದು ಮಯೋರ್ಕಾ ದ್ವೀಪದ ತಿನಿಸು. ಇಲ್ಲಿಗೆ ಬಂದ ದಾರಿ ದುಃಖದ್ದು. ಈ ಕಣಿವೆಗಳಲ್ಲಿ ಇದ್ದವರು ಮೊರಿಸ್ಕೊಗಳು, ಮುಸ್ಲಿಮರಾಗಿದ್ದು ಬಲವಂತಕ್ಕೆ ಕ್ರೈಸ್ತರಾದವರು. 1609ರಲ್ಲಿ ಅವರನ್ನೆಲ್ಲ ದೇಶದಿಂದ ಹೊರಹಾಕಿದರು. ಮೊದಲ ಹಡಗುಗಳು ಹೊರಟದ್ದು ನಾವು ಸಿಗಡಿ ಕೊಂಡ ಅದೇ ದೇನಿಯಾದಿಂದ. ಖಾಲಿಯಾದ ಹಳ್ಳಿಗಳಿಗೆ ಮಯೋರ್ಕಾದಿಂದ ಜನರನ್ನು ತಂದು ಕೂರಿಸಿದರು. ಅವರು ಹಂದಿ ಸಾಸೇಜು ತಂದರು. ಬೆಟ್ಟದ ಮೆಟ್ಟಿಲು ಹೊಲಗಳು, ನೀರಿನ ಕಾಲುವೆಗಳಲ್ಲಿ ಮಾತ್ರ ಹೋದವರ ಕೈಕೆಲಸ ಉಳಿದಿದೆ.

ಮಧ್ಯಾಹ್ನ ಮನೆಗೆ ಬಂದು ಸೂಟ್‌ಕೇಸ್ ತುಂಬಿಸಿದೆವು. ಒಣದ್ರಾಕ್ಷಿ, ನ್ಯೋರಾ ಮಾಲೆ, ಬಟ್ಟೆ ಸುತ್ತಿದ ಮಿಸ್ತೆಲಾ ಬಾಟಲಿ, ಮೇಜುಬಟ್ಟೆ, ಕಾವಲಿ. ಬುಟ್ಟಿ ಕೈಯಲ್ಲಿ. ಗಾಲಿ ಚೀಲವನ್ನು ಮಡಿಸಿ ಕಾವಲಿಯ ಮೇಲಿಟ್ಟು ನಾನು ಮುಚ್ಚಳದ ಮೇಲೆ ಕೂತೆ, ಅಕ್ಕ ಜಿಪ್ ಎಳೆದಳು. ತೂಕದ ಕೊಕ್ಕೆಗೆ ಸಿಕ್ಕಿಸಿ ಎತ್ತಿದೆವು. 22 ಕಿಲೋ. ವಿಮಾನದಲ್ಲಿ ಬಿಡುವುದು 23.

"ನಾಳೆ ಫ್ಲೈಟು ಎಷ್ಟಕ್ಕೆ?" ಅಕ್ಕ ಕೇಳಿದಳು.

"ಸಂಜೆ ಆರಕ್ಕೆ."

"ಪೆದ್ರೆಗೇರ್ ಅಂತ ಒಂದು ಊರು ಹೇಳಿದ್ದೆಯಲ್ಲ. ಅಲ್ಲಿ ಭಾನುವಾರ ಅಲ್ವಾ?"

"ಅಕ್ಕ, ಒಂದು ಕಿಲೋ ಜಾಗ ಉಂಟು ಅಷ್ಟೇ."

"ಸಾಕು" ಅಂದಳು.